ಹತ್ತು ಪದರದ ಟೈರು

ನಮ್ಮ ಅಂಗಡಿಯಲ್ಲಿ ಟೈರು ಹಾಕಿಸಿಕೊಂಡು ಹೋದ ಗಾಡಿ ದಾರಿಯಲ್ಲಿ ನಿಲ್ಲಕೂಡದು. ಅಪ್ಪ ನನಗೆ ಬಿಟ್ಟುಹೋದದ್ದು ಎರಡೇ, ಈ ಅಂಗಡಿ ಮತ್ತು ಈ ಹಠ. ಇಪ್ಪತ್ತೆರಡು ವರ್ಷದಿಂದ ಎರಡನ್ನೂ ನಡೆಸಿಕೊಂಡು ಬಂದಿದ್ದೇನೆ. ಗಿರಾಕಿ ತನಗೆ ಒಗ್ಗದ ಟೈರು ಕೇಳಿದರೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತೇನೆ. ಬಾಯಿ ಜೋರು ಎನ್ನುತ್ತಾರೆ. ಜೋರೇ. ಆದರೂ ಜನ ನನ್ನ ಹತ್ತಿರವೇ ಬರುತ್ತಾರೆ.

ಆ ಸೋಮವಾರ ನಾನು ಷಟರ್ ಎತ್ತುವ ಹೊತ್ತಿಗೆ ಭಾವನ ಜೀಪು ಬಾಗಿಲಲ್ಲಿ ಬಂದು ನಿಂತಿತ್ತು. ಭಾವ ಎಂದರೆ ನನ್ನ ಅಕ್ಕನ ಗಂಡ, ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆದು ನಿವೃತ್ತರಾದವರು. ಅಳೆಯದೆ ಏನನ್ನೂ ನಂಬುವವರಲ್ಲ. "ಮಂಚ ತರೋಕೆ ಮೊದ್ಲು ನನ್ನೂ ಟೇಪ್ ಹಿಡಿದು ಅಳೆದ್ರು ಕಣೆ" ಎಂದು ಮದುವೆಯ ಹೊಸದರಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅಕ್ಕ ನಕ್ಕು ಈಗ ಬಹಳ ದಿನವಾಗಿತ್ತು. ಎರಡು ವರ್ಷದ ಹಿಂದೆ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಮೂರು ಸಲ ಹೊಳೆಯಾಚೆಯ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಸೇತುವೆ ಇದ್ದಾಗ ಅದು ಇಪ್ಪತ್ತು ನಿಮಿಷದ ದಾರಿ. ಎಂಟು ತಿಂಗಳ ಹಿಂದೆ ಸೇತುವೆ ಕುಸಿಯಿತು. ಇವತ್ತು ಆಗುತ್ತೆ, ನಾಳೆ ಆಗುತ್ತೆ ಎಂದು ನಂಬಿಸುತ್ತಲೇ ಬಂದರು. ಅಲ್ಲಿಯವರೆಗೆ ಕಲ್ಲುಕ್ವಾರಿಯ ರಸ್ತೆಯಲ್ಲಿ ಸುತ್ತಿ ಹೋಗಬೇಕು. ರಸ್ತೆ ಎನ್ನುವುದು ಬಾಯಿಮಾತಿಗೆ ಅಷ್ಟೇ, ಮೂವತ್ತು ಕಿಲೋಮೀಟರು ಬರೀ ಕಲ್ಲು. ಅಕ್ಕನ ಮೂಳೆಗಳು ಕಾಯಿಲೆಯಿಂದಲೇ ಸವೆದಿದ್ದವು.

ನಾನು ಹಳೆಯ ಟೈರುಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತೆ. ಟೈರು ನೋಡಿದರೆ ಸಾಕು, ಓಡಿಸಿದವನ ಜಾತಕ ಹೇಳಬಲ್ಲೆ. ನಡುವೆ ಹಲ್ಲು ಹಾಗೇ ಇತ್ತು, ಎರಡೂ ಅಂಚು ಬೋಳಾಗಿತ್ತು.

"ಭಾವ, ಗಾಳಿ ಎಷ್ಟು ಇಡ್ತೀರಿ?"

"ಹದಿನೆಂಟು."

"ಹದಿನೆಂಟಾ! ಮೂವತ್ತು ಇರಬೇಕಾದ ಕಡೆ? ನಿಮಗೇನು ತಲೆ ನೆಟ್ಟಗಿದೆಯಾ? ನೋಡಿ ಇಲ್ಲಿ, ಪಕ್ಕದಲ್ಲಿ ಬೆರಳು ತೂರೋವಷ್ಟು ಸೀಳಿದೆ. ಕ್ವಾರಿ ಮಧ್ಯ ಡಬ್ ಅಂದ್ರೆ ಏನ್ ಮಾಡ್ತಿದ್ರಿ?"

"ಗಾಳಿ ಕಮ್ಮಿ ಇದ್ರೆ ಅವಳಿಗೆ ಕುಲುಕೋದು ಕಮ್ಮಿ, ಪುಟ್ಟಿ."

ನಲವತ್ತಾರು ವರ್ಷದ ನನ್ನನ್ನು ಈ ಭೂಮಿಯ ಮೇಲೆ ಪುಟ್ಟಿ ಎನ್ನುವವರು ಅವರಿಬ್ಬರೇ. ಭಾವ ಜೇಬಿನಿಂದ ಸರ್ವೆಯ ಕಾಲದ ಚಿಕ್ಕ ಪುಸ್ತಕ ತೆಗೆದು ಬಿಡಿಸಿದರು. ಒಂದೊಂದು ತಾರೀಕಿಗೆ ಒಂದೊಂದು ಪುಟ. ಮುರಿದ ಲಾರಿಯ ಹತ್ತಿರ ಎರಡು. ಮೂರನೇ ತಿರುವಿನಲ್ಲಿ ಐದು. ಹಳ್ಳ ದಾಟುವಾಗ ಒಂಬತ್ತು.

"ಏನಿದು?"

"ಅವಳು ಎಷ್ಟು ಸಲ ಅಯ್ಯೋ ಅಂದ್ಲು ಅಂತ. ಗಾಳಿ ಇಳಿಸ್ತಾ ಇಳಿಸ್ತಾ ಇದೂ ಇಳೀತು. ಹದಿನೆಂಟಕ್ಕಿಂತ ಕೆಳಗೆ ಹೋಗೋಕೆ ಆಗ್ಲಿಲ್ಲ, ರಿಮ್ ಹೊಡೀತಿತ್ತು." ಪುಸ್ತಕ ಮಡಚಿ ಹೇಳಿದರು, "ಮೆತ್ತಗಿರೋ ಟೈರು ಹಾಕು ಪುಟ್ಟಿ. ಹೊಸ ಟೈರು ಹಾಕಿ ಒಂದ್ಸಲ ನೋಡೋಣ, ಆಗ್ಲೂ ಹೀಗೇ ಆದ್ರೆ ಇನ್ನು ಬರೋದಿಲ್ಲ ಅಂದಿದ್ದಾಳೆ ನಿನ್ನಕ್ಕ."

"ಅವಳು ಹಾಗೆ ನೂರು ಸಲ ಅಂತಾಳೆ, ತಲೆಗೆ ಹಾಕ್ಕೋಬೇಡಿ."

ಎಂಥ ದಾರಿಗೂ ಆಗುವ ಆಲ್ ಟೆರೇನ್ ಟೈರಿನಲ್ಲಿ ಆ ಅಳತೆಗೆ ನನ್ನ ಬಳಿ ಎರಡು ಬಗೆ ಇದ್ದವು. ಒಂದು ಆರು ಪದರದ್ದು, ಪಕ್ಕ ತೆಳ್ಳಗೆ, ಒತ್ತಿದರೆ ಬಗ್ಗುತ್ತದೆ, ಕುಲುಕನ್ನು ತಾನೇ ನುಂಗಿಕೊಳ್ಳುತ್ತದೆ. ಆದರೆ ಚೂಪು ಕಲ್ಲಿಗೆ ಸೀಳಬಹುದು. ಇನ್ನೊಂದು ಹತ್ತು ಪದರದ್ದು, ಕ್ವಾರಿಯ ಗಾಡಿಗಳಿಗೆ ಕೊಡುವಂಥದ್ದು. ಕಲ್ಲಲ್ಲ, ಗುದ್ದಲಿ ಹಾಕಿದರೂ ಜಗ್ಗುವುದಿಲ್ಲ. ಹಾಗೆಯೇ ಬಂಡೆಯಷ್ಟು ಬಿರುಸು.

ಹಿಂದಿನ ತಿಂಗಳು ಒಮ್ಮೆ ಟೈರು ಒಡೆದು ಜೀಪು ಕ್ವಾರಿಯಲ್ಲಿ ನಿಂತಿತ್ತು. ಸ್ಟೆಪ್ನಿಯೂ ಚಪ್ಪಟೆ, ಫೋನಿಗೆ ಸಿಗ್ನಲ್ ಇಲ್ಲ. ಆ ದಿನದ ಚಿಕಿತ್ಸೆ ತಪ್ಪಿ ಅಕ್ಕನ ಎದೆಯಲ್ಲಿ ನೀರು ತುಂಬಿ, ಮಾರನೆಯ ದಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿಗೆ ಒದ್ದಾಡಿಹೋಗಿದ್ದಳು. ಆ ಮುಖ ನನ್ನ ಕಣ್ಣಲ್ಲೇ ಇತ್ತು.

"ಹತ್ತು ಪದರದ್ದೇ. ಗಾಳಿ ಮೂವತ್ತೆರಡು. ಒಂದು ಪಾಯಿಂಟೂ ಇಳಿಸಕೂಡದು" ಎಂದೆ.

ನಮ್ಮ ಫಿಟ್ಟರ್ ಜಾಕಣ್ಣ ಅಪ್ಪನ ಕಾಲದವನು. ಹರೆಯದಲ್ಲಿ ಕಾರಿನ ಮೂಲೆಯನ್ನು ಜಾಕ್ ಇಲ್ಲದೆ ಬರಿಗೈಯಲ್ಲಿ ಎತ್ತುತ್ತಿದ್ದನೆಂದು ಆ ಹೆಸರು ಬಿತ್ತು, ಸ್ವಂತ ಹೆಸರು ಅವನಿಗೇ ಮರೆತಿರಬೇಕು. ಟೈರು ಉರುಳಿಸಿಕೊಂಡು ಬಂದವನು ನನ್ನ ಪಕ್ಕ ನಿಂತು, "ಆರು ಪದರದ್ದೇ ಹಾಕೋಣ್ವಾ ತಾಯಿ? ಕಾಯಿಲೆಯವರು ಕೂರೋ ಗಾಡಿ" ಎಂದ.

"ಅಂಗಡಿ ನಿಂದಾ ನಂದಾ?" ಎಂದೆ.

ಭಾವ ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಮಾತನಾಡಲು ಬಿಡಲಿಲ್ಲ. "ನೀವು ಜಮೀನು ಅಳೀರಿ ಭಾವ, ಟೈರು ನನಗೆ ಬಿಡಿ. ನನ್ನಕ್ಕ ಇನ್ನೊಂದ್ಸಲ ದಾರೀಲಿ ನಿಲ್ಲಬಾರದು." ಅವರು ಪುಸ್ತಕವನ್ನು ಜೇಬಿಗಿಟ್ಟು ಸುಮ್ಮನೆ ಸ್ಟೂಲಿನ ಮೇಲೆ ಕುಳಿತರು. ನನ್ನ ಬಾಯಿಗೆ ಹೆದರಿ ಸುಮ್ಮನಾದ ಗಿರಾಕಿಗಳು ಎಷ್ಟೋ ಜನ. ಭಾವನೂ ಹಾಗೇ ಕುಳಿತಿದ್ದರು ಎಂಬುದು ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಎನ್ನಿಸುತ್ತದೆ.

ಮಂಗಳವಾರ ಅವರು ಆಸ್ಪತ್ರೆಗೆ ಹೋಗಿಬಂದರು. ಬುಧವಾರ ಭಾವ ಒಬ್ಬರೇ ಬಂದರು.

"ಹೇಗಿದೆ ಟೈರು?" ಎಂದು ಕೌಂಟರಿನಿಂದಲೇ ಕೂಗಿದೆ.

"ಚೆನ್ನಾಗಿದೆ. ಯಾವ ಕಲ್ಲೂ ಏನೂ ಮಾಡ್ಲಿಲ್ಲ." ಪುಸ್ತಕ ನನ್ನ ಮುಂದಿಟ್ಟರು. ಮುರಿದ ಲಾರಿಯ ಹತ್ತಿರ ಹನ್ನೊಂದು. ಮೂರನೇ ತಿರುವಿನಲ್ಲಿ ಹದಿನಾಲ್ಕು. ಅದರ ಕೆಳಗೆ ಪುಟ ಖಾಲಿ.

"ಆಮೇಲೆ?"

"ಆಮೇಲೆ ಅಯ್ಯೋ ಅನ್ನೋದನ್ನೇ ಬಿಟ್ಲು. ಹಲ್ಲು ಕಚ್ಚಿ ಸೀಟಿನ ಕಂಬಿ ಹಿಡ್ಕೊಂಡು ಕೂತಿದ್ಲು. ನಾನೇನು ಬರೀಲಿ? ಮನೆಗೆ ಬಂದು ಕೈಕಾಲು ತೊಳ್ಕೊಂಡು, ಇನ್ನು ಸಾಕು ರೀ, ಅಂದ್ಲು. ಅತ್ತು ಹೇಳಿದ್ರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ."

ಕೂಗಾಡಿ ಜಾಕಣ್ಣನನ್ನು ಕರೆದೆ, ಅವನು ಬರುವ ಮೊದಲೇ ನಾನೇ ಪಾನ ಹಿಡಿದು ನಟ್ಟು ಬಿಚ್ಚತೊಡಗಿದೆ. ಹತ್ತು ಪದರದ್ದು ಇಳಿಸಿ ಆರು ಪದರದ್ದು ಹಾಕಿದೆವು. ಗಾಳಿ ಇಪ್ಪತ್ತು, ಆಮೇಲೆ ಹದಿನೆಂಟು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ಸಣ್ಣ ರಬ್ಬರು ಕೂದಲುಗಳಿರುತ್ತವೆ. ಅವು ನನ್ನ ಅಂಗೈಗೆ ಚುಚ್ಚುತ್ತಿದ್ದವು. ಅಂಚಿನ ಕೂದಲು ಕ್ವಾರಿ ರಸ್ತೆಯಲ್ಲಿ ಒಂದು ಸಲ ಹೋಗಿಬಂದರೆ ಉದುರಿಹೋಗುತ್ತವೆ.

ಅದೇ ಜೀಪಿನಲ್ಲಿ ಮನೆಗೆ ಹೋದೆ. ಅಕ್ಕ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತು ಒಗೆದ ದಿಂಬಿನ ಚೀಲಗಳನ್ನು ಮಡಚುತ್ತಿದ್ದಳು. ತೊಡೆಯ ಪಕ್ಕ, ತೋಳಿನಲ್ಲಿ ನೀಲಿಗಟ್ಟಿತ್ತು.

"ಅಕ್ಕಾ, ತಪ್ಪು ನಂದು. ಬಿರುಸು ಟೈರು ಹಾಕಿಬಿಟ್ಟೆ. ಭಾವ ಬೇಡ ಅಂದ್ರೂ ಕೇಳಲಿಲ್ಲ. ಈಗ ಬದಲಾಯಿಸಿದ್ದೀನಿ. ನಾಳೆ ಒಂದೇ ಒಂದ್ಸಲ ಬಾ."

"ಅಂಗಡಿ ಬಿಟ್ಟು ಬಂದ್ಯಾ? ಜಾಕಣ್ಣ ಒಬ್ಬನೇನಾ?" ಎಂದಳು. ನನ್ನ ಮಾತು ಪೂರ್ತಿ ಕೇಳಿಸಿಕೊಂಡೇ ಬೇಕೆಂದು ಮಾತು ಮರೆಸಿದಳೆಂದು ಗೊತ್ತಾಯಿತು.

ನಾನು ಕಾಲು ಹಿಡಿದುಕೊಂಡೆ. ಬೈದೆ, ಅತ್ತೆ. ಕೊನೆಗೆ ಅಕ್ಕ, "ಆಯ್ತು ಬಿಡೆ, ನಾಳೆ ಯಾಕೆ, ಈಗ್ಲೇ ಕೂರೋಣ. ನಿನ್ನ ಟೈರು ನೋಡೋಣ" ಎಂದು ಎದ್ದಳು. ನನಗೆ ಹೋದ ಜೀವ ಬಂದಂತಾಯಿತು.

ಮನೆಯಿಂದ ಕ್ವಾರಿಯ ತಿರುವಿನವರೆಗೆ ಮೂರು ಕಿಲೋಮೀಟರು ಟಾರು ರಸ್ತೆ. ಭಾವ ಮಗುವಿನ ತೊಟ್ಟಿಲು ತೂಗಿದಂತೆ ಓಡಿಸಿದರು. ಅಕ್ಕ ಕಿಟಕಿ ಇಳಿಸಿ ಗಾಳಿಗೆ ಮುಖ ಒಡ್ಡಿದಳು.

"ಚೆನ್ನಾಗಿದೆ ಕಣೆ. ಕೂತಿದ್ದೇ ಗೊತ್ತಾಗ್ತಿಲ್ಲ. ಇವ್ರ ಜೊತೆ ಹೀಗೆ ಸುಮ್ನೆ ಹೊರಗೆ ಬಂದು ಎಷ್ಟು ದಿನ ಆಗಿತ್ತು."

"ಹೌದಲ್ವಾ? ನಾಳೆ ಹೋಗೋಣ?"

ತಿರುವು ಬಂತು. ಮುಂದೆ ಬಿಳಿ ಕಲ್ಲಿನ ದಾರಿ ಬಿಸಿಲಿಗೆ ಹೊಳೆಯುತ್ತಿತ್ತು. ಅಕ್ಕ ಸ್ಟೀರಿಂಗ್ ಹಿಡಿದ ಭಾವನ ಕೈ ಮೇಲೆ ಕೈಯಿಟ್ಟಳು. "ಸಾಕು ರೀ, ತಿರುಗ್ಸಿ." ಭಾವ ಎಂಜಿನ್ ಆರಿಸಿ ಬಹಳ ಹೊತ್ತು ಆ ದಾರಿಯನ್ನೇ ನೋಡುತ್ತ ಕುಳಿತರು. ನಾನು ಹಿಂದಿನ ಸೀಟಿನಿಂದ, "ಹೋಗಿ ಭಾವ, ಹೋಗಿ" ಎಂದೆ. ಅವರು ಜೀಪು ತಿರುಗಿಸಿದರು.

ಆಮೇಲೆ ಅಕ್ಕ ಇದ್ದದ್ದು ಹನ್ನೊಂದು ದಿನ. ಡಾಕ್ಟರು ಫೋನು ಮಾಡಿದರು, ನರ್ಸ್ ಮಾಡಿದಳು, ನಾನು ದಿನಾ ಹೋಗಿ ಜಗಳವಾಡಿದೆ. ನಾಲ್ಕನೆಯ ದಿನದಿಂದ ಜಗಳವಾಡುವುದನ್ನೂ ಬಿಟ್ಟೆ. ಕಾಲು ಒತ್ತುತ್ತ ಕೂರುತ್ತಿದ್ದೆ, ಅದಕ್ಕೂ ಮೆಲ್ಲಗೆ ಎನ್ನುತ್ತಿದ್ದಳು.

ಎಲ್ಲ ಮುಗಿದು ತಿಂಗಳಾದ ಮೇಲೆ ಭಾವ ಜೀಪು ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ಜಾಕಣ್ಣ ಟೈರಿನ ಅಂಚು ಸವರಿ ನನ್ನ ಮುಖ ನೋಡಿದ. ಕೂದಲುಗಳು ಒಂದೂ ಉದುರಿರಲಿಲ್ಲ.

"ಇವನ್ನ ವಾಪಸ್ ತಗೋ ಪುಟ್ಟಿ. ಹೊಸದರ ಹಾಗೇ ಇವೆ. ಬೇಕಾದವ್ರಿಗೆ ಕೊಡು" ಎಂದರು.

"ನನ್ನ ಕೊಲ್ಲಬೇಡಿ ಭಾವ."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜೇಬಿನಿಂದ ಪುಸ್ತಕ ತೆಗೆದು ಕೊನೆಯ ಪುಟ ಬಿಡಿಸಿ ಕೌಂಟರಿನ ಮೇಲಿಟ್ಟು, ಅಲ್ಲೇ ಬಿಟ್ಟು ಹೊರಗೆ ಹೋಗಿ ಜೀಪಿನ ಪಕ್ಕ ನಿಂತರು. ಆ ಬುಧವಾರದ ತಾರೀಕು, ಕೆಳಗೆ ಅವರ ಸರ್ವೆಯ ದುಂಡು ಅಕ್ಷರ.

ಮನೆಯಿಂದ ತಿರುವಿನವರೆಗೆ, ಆರು ಪದರ, ಗಾಳಿ ಹದಿನೆಂಟು. ಅಯ್ಯೋ ಅಂದದ್ದು ಸೊನ್ನೆ.