ದಾರಿಗೂ ಹಳಿಗೂ ನಡುವಿನ ಗೇಟು

ಆಗ ಬ್ರಿಟಿಷರ ಆಳ್ವಿಕೆ, ಈ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ನಾಗನೂರಿನಿಂದ ಘಟಪ್ರಭಾಕ್ಕೆ ಹೋಗುವ ದಾರಿಯಲ್ಲಿ ಒಂದು ರೈಲು ಗೇಟು. ಹೊತ್ತು ಮುಳುಗಿತೆಂದರೆ ಅದಕ್ಕೆ ಬೀಗ. ದವಾಖಾನೆ ಹಳಿಯ ಆಚೆ. ಒಂದು ಚಳಿಗಾಲದಲ್ಲಿ ಪಾರವ್ವನ ಮಗಳು ಲಕ್ಕವ್ವ ಆ ಬೀಗದ ಮುಂದೆ, ಎತ್ತಿನ ಗಾಡಿಯಲ್ಲೇ ಹೆತ್ತಳು. ಮಗಳು ಬದುಕಿದಳು, ಕೂಸು ಉಳಿಯಲಿಲ್ಲ.

ಪಾರವ್ವ ಅತ್ತು ಸುಮ್ಮನಾಗುವ ಹೆಂಗಸಲ್ಲ. ರಾತ್ರಿಯೂ ಗೇಟು ಕಾಯಲು ಒಬ್ಬ ಆಳು ಬೇಕೆಂದು ರೈಲಿನವರನ್ನು ಕೇಳಿದಳು.

"ಆಳಿನ ಪಗಾರ ದಾರಿಯವರು ಕೊಡಬೇಕು. ದಾರಿ ಮುಂಬೈ ಸರಕಾರದ್ದು," ಎಂದರು.

ದಾರಿ ನೋಡಿಕೊಳ್ಳುವ ಕಚೇರಿಗೆ ಹೋದಳು. "ಹಳಿ ನಮ್ಮದಲ್ಲವ್ವಾ. ರೈಲು ದಿಲ್ಲಿಯವರ ಕೈಯಾಗ ಐತಿ," ಎಂದರು.

ಲಕ್ಕವ್ವನನ್ನು ಅಂದು ಗಾಡಿಯಲ್ಲಿ ಕರೆತಂದಿದ್ದ ಕರೆಪ್ಪ ಇದನ್ನು ಕೇಳಿ ಕಿಡಿಕಿಡಿಯಾದ. "ಪಾರವ್ವಾರ, ಒಬ್ರ ಮಾತು ಯಾರ್ ಕೇಳ್ತಾರ್ರಿ? ಗಾಡಿಯವರೆಲ್ಲಾ ಕೂಡೂಣು. ನಾವು ಹತ್ತಿ ಹೇರಲಿಲ್ಲಂದ್ರ ರೈಲಿಗೆ ಮಾಲು ಎಲ್ಲಿಂದ ಬರ್ತೈತಿ?"

ಗಾಡಿಯವರ ಸಂಘವಾಯಿತು. ಲಿಂಗಾಯತರ ಓಣಿಯವರು, ಕರೆಪ್ಪನ ಕೇರಿಯವರು, ಮೂಡಲಗಿಯ ಗಾಡಿಯವರು ಒಂದೇ ಜಮಖಾನೆಯ ಮೇಲೆ ಕುಳಿತರು. ಮರುದಿನದಿಂದ ಒಂದು ಅಂಡಿಗೆ ಹತ್ತಿಯೂ ಸ್ಟೇಶನ್ನಿಗೆ ಹೋಗಲಿಲ್ಲ. ಹತ್ತಿ ವ್ಯಾಪಾರಿ ಗುರುಲಿಂಗಪ್ಪ ಮೊದಲು ಹಾರಾಡಿದ. ಆಮೇಲೆ ತಾನೇ ರೈಲಿನ ದೊಡ್ಡ ಸಾಹೇಬನಿಗೆ ತಂತಿ ಹೊಡೆದ. ೧೯೩೫ರ ಹೊಸ ಕಾಯ್ದೆಯಂತೆ ನಡೆದ ಚುನಾವಣೆಯಲ್ಲಿ ಗೆದ್ದು ಮುಂಬೈ ಶಾಸನಸಭೆಗೆ ಹೋಗಿದ್ದ ವೀರಪ್ಪನಿಗೂ ಇನ್ನೊಂದು ತಂತಿ ಹೋಯಿತು.

ಇಬ್ಬರೂ ಒಂದೇ ಬೆಳಿಗ್ಗೆ ಬಂದರು. ವೀರಪ್ಪನ ಮೋಟಾರು ಗೇಟಿನ ಈಚೆ, ಸಾಹೇಬನ ಟ್ರಾಲಿ ಹಳಿಯ ಮೇಲೆ. ಹಿಂದೆ ಕಣ್ಣು ಹಾಯುವಷ್ಟು ದೂರ ಗಾಡಿಗಳು. ಸಾಹೇಬ ಮುಂಬೈ ಎಂದ, ವೀರಪ್ಪ ದಿಲ್ಲಿ ಎಂದ. ಗುಂಪು ಹೋ ಎಂದು ಕೂಗಿತು.

ಪಾರವ್ವ ಸೆರಗು ಬಿಗಿದು ನಡುವೆ ನಿಂತಳು.

"ದಿಲ್ಲಿ ನಾ ನೋಡಿಲ್ಲ, ಮುಂಬೈನೂ ನೋಡಿಲ್ಲ. ಇವತ್ತು ಎರಡೂ ನನ್ನ ಮುಂದ ನಿಂತಾವು. ದಾರಿ ನಿಮ್ದು ವೀರಪ್ಪಾರ, ಹಳಿ ಈ ಸಾಹೇಬ್ರದು. ಸತ್ತ ಕೂಸು ಯಾರ್ದು, ಹೇಳ್ರಿ!"

ಸಾಹೇಬನ ಜೊತೆ ಬಂದಿದ್ದ ಗುಮಾಸ್ತ ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಸಾಹೇಬ ಟೊಪ್ಪಿಗೆ ತೆಗೆದ. ವೀರಪ್ಪ ತಲೆ ತಗ್ಗಿಸಿದ.

"ಚುನಾವಣಿ ಮತ್ತ ಬರ್ತೈತ್ರಿ, ವೀರಪ್ಪಾರ," ಎಂದು ಕರೆಪ್ಪ ಹಿಂದಿನಿಂದ ಕೂಗಿದ.

"ಗೊತ್ತೈತೋ ಮಾರಾಯಾ!" ಎಂದ ವೀರಪ್ಪ. ಜನ ಗೊಳ್ಳೆಂದು ನಕ್ಕರು.

ಇಬ್ಬರೂ ಮೋಟಾರಿನ ನೆರಳಿಗೆ ಸರಿದು ಮಾತಿಗೆ ಕುಳಿತರು. ಬಿಸಿಲು ಏರಿತು. ಗುಂಪಿನಲ್ಲಿ ಒಬ್ಬರೂ ಕದಲಲಿಲ್ಲ. ಕೊನೆಗೆ ವೀರಪ್ಪ ಮೋಟಾರಿನ ಮೆಟ್ಟಿಲ ಮೇಲೆ ನಿಂತು ಸಾರಿದ: "ಆಳು ರೈಲಿನವರು ಇಡ್ತಾರ. ಪಗಾರದಾಗ ಅರ್ಧ ನಮ್ಮ ಸರಕಾರದ್ದು. ಅದನ್ನ ಮಂಜೂರ ಮಾಡಿಸೂದು ನನ್ನ ಜವಾಬ್ದಾರಿ. ಅಲ್ಲೀತನಕ ಇವತ್ತಿಂದನ ರಾತ್ರಿ ಗೇಟಿಗೆ ಬೀಗ ಇಲ್ಲ, ಕಂದೀಲು ಹಿಡದು ಆಳು ನಿಂದರ್ತಾನ!"

ಹಲಗೆ ಬಾರಿಸಿದರು. ಕರೆಪ್ಪ ಎಲ್ಲರಿಗಿಂತ ಮೊದಲು ಗಾಡಿ ಹೂಡಿ ಹತ್ತಿ ಹೇರಿಕೊಂಡು ಬಂದ. ಪಾರವ್ವ ಓಡೋಡಿ ಮನೆಗೆ ಹೋಗಿ ಲಕ್ಕವ್ವನನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು, ಅಳುತ್ತಲೇ ನಕ್ಕರು.

ವಾರದೊಳಗೆ ಹುಕ್ಕೇರಿಯ ಗಾಡಿಯವರು ಪಾರವ್ವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು.

"ನಮ್ಮೂರಾಗೂ ಒಂದು ಸಂಘ ಮಾಡೂದೈತ್ರಿ. ಹೆಂಗ ಮಾಡಿದ್ರಿ, ಹೇಳ್ರಿ."

"ಮದ್ಲ ಚಾ ಕುಡೀರಿ," ಎಂದು ಪಾರವ್ವ ಒಲೆ ಹೊತ್ತಿಸಿದಳು.