ಪರದೆಗೆ ಒಂದು ಗೇಣು ಕಡಿಮೆ

ಲೋಕವೆಲ್ಲ ಮುಂದಕ್ಕೆ ನಡೆದರೆ ನನ್ನ ಬಾಮೈದ ನಡೆಯುವುದು ಪಕ್ಕಕ್ಕೆ. ಗೋಡೆಗೆ ಭುಜ ಸವರಿಕೊಂಡು, ಎದುರಾದ ನಾಯಿಗೂ ದಾರಿ ಬಿಟ್ಟುಕೊಟ್ಟು, ತಾನು ಬೀದಿಯಲ್ಲಿರುವುದೇ ಒಂದು ಅಪಚಾರವೆಂಬಂತೆ ಬಂದು, ನನ್ನ ಬಟ್ಟೆ ಅಂಗಡಿಯ ಹಿಂದಿನ ಪರದೆಯೊಳಗೆ ಅಂತರ್ಧಾನನಾಗುತ್ತಾನೆ. ಅವನ ಕೋಟಿನ ಎಡಭುಜ ಸವೆದು ಹೊಳೆಯುತ್ತದೆ. ಬಲಭುಜ ಇನ್ನೂ ಹೊಸದು.

ಅಂಥ ಹೊಲಿಗೆಗಾರ ಈ ಪೇಟೆಯಲ್ಲಿಲ್ಲ. ಆದರೆ ಅಳತೆಗೆಂದು ಹೊರಗೆ ಬರುವವನಲ್ಲ. ಟೇಪು ಹಿಡಿಯುವವನು ನಾನು. ಪರದೆಯ ಸಂದಿನಿಂದ ಇಣುಕಿ ನನ್ನ ಅಳತೆಯನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುವವನು ಅವನು. ಹೊಲಿದ ಪ್ರತಿ ಕೋಟಿನ ಒಳಜೇಬಿನಲ್ಲಿ ಒಂದು ಹೆಚ್ಚುವರಿ ಗುಂಡಿ, ಒಂದು ಚೀಟಿ: ‘ಎಲ್ಲಾದರೂ ಬಿಗಿಯಾದರೆ ಕ್ಷಮಿಸಿ.’ ಗಿರಾಕಿ ಹೊಗಳಿದರೆ ಒಳಗಿನಿಂದ “ಪರವಾಗಿಲ್ಲ ಬಿಡಿ.” ಬೈದರೂ ಅದೇ.

ಬಹುಕಾಲ ಅದನ್ನು ಬಿಂಕವೆಂದೇ ತಿಳಿದಿದ್ದೆ. ಹೆಂಡತಿ ಹಟ ಹಿಡಿದು ತಮ್ಮನನ್ನು ತೋರಿಸಿದ ಮನೋವೈದ್ಯೆ ಹೇಳಿದರು: “ಬಿಂಕ ಅಲ್ಲ, ಬರೀ ನಾಚಿಕೇನೂ ಅಲ್ಲ. ಅವರಿಗೆ ಜನ ಬೇಕು. ಜನಕ್ಕೇ ತಾನು ಬೇಡವಾಗಿಬಿಡ್ತೀನಿ ಅನ್ನೋ ಭಯ. ಮೆಲ್ಲಗೆ ಹೋಗ್ಬೇಕು.” ಮೆಲ್ಲಗೆ ಎಂಬ ಮಾತು ವ್ಯಾಪಾರಿಯ ಕಿವಿಗೆ ಬೀಳುವುದೂ ಮೆಲ್ಲಗೆಯೇ.

ಗ್ರಂಥಾಲಯದ ಮೇಡಂ ಒಬ್ಬರು, ಸರಿಯಾಗಿಯೇ ಇದ್ದ ಕೋಟನ್ನು ಗುಂಡಿ ಸಡಿಲವೆಂದು ಮೂರು ಸಲ ತಂದರು. ಮೂರನೆಯ ಸಲ ಜೇಬಿನಲ್ಲಿ ಮರುಚೀಟಿ: ‘ಎಲ್ಲೂ ಬಿಗಿಯಿಲ್ಲ. ಹೊಲಿದ ಕೈ ಯಾರದು?’ ಅವನು ಅದನ್ನು ಮಡಿಸಿ ಸೂಜಿಪೆಟ್ಟಿಗೆಯಲ್ಲಿ ಇಟ್ಟುಕೊಂಡದ್ದನ್ನು ಕಂಡೆ. ಮೇಡಂ ಕೋಟು ಒಯ್ಯಲು ಬಂದ ದಿನ ತಡೆಯಲಾಗಲಿಲ್ಲ. “ಇಗೋ, ಇವನದೇ ಕೈ, ನೋಡ್ಕೊಳ್ಳಿ!” ಎಂದು ಪರದೆ ಎಳೆದೆ. ಪರದೆ ಹರಿಯಿತು. ಹಿಂಬಾಗಿಲು ಬಡಿಯಿತು. ಹನ್ನೊಂದು ದಿನ ಅವನು ಕೆಲಸಕ್ಕೆ ಬರಲಿಲ್ಲ, ಯಾರಿಗೂ ಬಾಗಿಲು ತೆರೆಯಲಿಲ್ಲ. ಅಕ್ಕ ಹೊರಗಿಟ್ಟು ಬಂದ ಊಟದ ಡಬ್ಬಿ ಮಾತ್ರ ಖಾಲಿಯಾಗಿ, ತೊಳೆದು, ಹೊಸ್ತಿಲಲ್ಲಿರುತ್ತಿತ್ತು.

“ಗಿಡ ಬೇರು ಬಿಟ್ಟಿದೆಯಾ ಅಂತ ಕಿತ್ತು ನೋಡೋರು ನೀವು,” ಎಂದಳು ಹೆಂಡತಿ. “ಅವನಿಗಂತ ಇದ್ದಿದ್ದೇ ಒಂದು ಜಾಗ. ಅದನ್ನೂ ಕಳೆದ್ರಲ್ಲ!”

ಹನ್ನೊಂದನೆಯ ದಿನ ಪರದೆಯನ್ನು ನಾನೇ ಹೊಲಿದು, ಅವನ ಬಾಗಿಲಡಿ ಚೀಟಿ ತೂರಿಸಿದೆ: ‘ಪರದೆ ಹೊಲಿದಿದ್ದೇನೆ. ಎಲ್ಲಾದರೂ ಸೊಟ್ಟಗಾಗಿದ್ದರೆ ಕ್ಷಮಿಸು.’ ಬಾಗಿಲು ತಟ್ಟಲಿಲ್ಲ.

ಮರುದಿನ ನನಗಿಂತ ಮುಂಚೆ ಬಂದು ನನ್ನ ಹೊಲಿಗೆ ಬಿಚ್ಚುತ್ತ ಕೂತಿದ್ದ. “ಇದೇನು ಭಾವ, ಗೋಣಿಚೀಲ ಹೊಲಿದಂಗೆ?” ಅವನ ಬಾಯಲ್ಲಿ ನಾನು ಕೇಳಿದ ಮೊದಲ ಕುಚೋದ್ಯ.

ಪರದೆ ಮತ್ತೆ ಏರಿತು, ಕೆಳಗೆ ಒಂದು ಗೇಣು ಕಡಿಮೆಯಾಗಿ. “ಬಟ್ಟೆ ಸಾಲ್ಲಿಲ್ವಾ?” ಎಂದೆ. “ಹರಿದಿದ್ದನ್ನ ಮಡಚಿದೆ. ಪರವಾಗಿಲ್ಲ ಬಿಡಿ.” ಬಟ್ಟೆ ಅಂಗಡಿಯಲ್ಲಿ ಬಟ್ಟೆಗೆ ಬರವೇ! ಆದರೂ ಬಾಯಿ ಮುಚ್ಚಿಕೊಂಡೆ; ನನ್ನಂಥವನಿಗೆ ಅದೇ ಮಹಾತಪಸ್ಸು.

ಆ ವಾರ ಮೇಡಂ ಬಂದು, ಪರದೆಯ ಕೆಳಗೆ ಕಾಣುವ ಚಪ್ಪಲಿಗಳನ್ನು ಉದ್ದೇಶಿಸಿ, “ಆರಾಮಾಗಿದ್ದೀರಾ?” ಎಂದರು. ಚಪ್ಪಲಿಗಳು ಒಂದು ಹೆಜ್ಜೆ ಹಿಂದೆ ಸರಿದವು, ನಿಂತವು, ಮತ್ತೆ ಮುಂದೆ ಬಂದವು.

“ಪರವಾಗಿಲ್ಲ... ನೀವು?”

ಕೈಹಿಡಿದು ಎಳೆದಷ್ಟೂ ಒಳಗೊಳಗೆ ಸರಿಯುವ ಇಂಥ ಜೀವಗಳು ಎಲ್ಲರ ಮನೆಯಲ್ಲೂ ಒಂದೊಂದಿರುತ್ತವೆ. ನಮ್ಮಲ್ಲಿ ತಮಗೊಂದು ಗೇಣು ಜಾಗವಿದೆಯೇ ಎಂದು ಸಂದಿನಿಂದ ನಮ್ಮ ಅಳತೆ ತೆಗೆಯುತ್ತಲೇ ಇರುತ್ತವೆ. ಆ ಅಳತೆ ಮುಗಿಯುವ ತನಕ ಅಲುಗಾಡದೆ ನಿಲ್ಲುವುದಷ್ಟೇ ನಮ್ಮ ಕೆಲಸ.