ಚಿನ್ನದಂಥ ಪೇಷೆಂಟು

"ಬಿಡು ಅಂದೆ," ಎಂದು ಮಗಳು ಹೊದಿಕೆಯ ತುದಿ ಹಿಡಿದು ಜಗ್ಗಿದಳು. ಇನ್ನೊಂದು ತುದಿಯನ್ನು ಅಣ್ಣ ಬಿಡಲಿಲ್ಲ. ಅಪ್ಪನ ಹೆಣದ ಮೇಲೆಯೇ ಅಣ್ಣ ತಂಗಿಯ ಹಗ್ಗಜಗ್ಗಾಟ ನಡೆಯುವುದನ್ನು ಕಂಡವರು ಕಾಣದವರಂತೆ ಗೋಡೆಯತ್ತ ತಿರುಗಿದರು. ಗೋಡೆಯ ತುಂಬ ಅಪ್ಪ ತೆಗೆದ ಫೋಟೋಗಳಿದ್ದವು.

"ಮೈ ತೊಳೀಬೇಕು. ಹೀಗೇ ಕಳಿಸ್ತೀಯಾ?"

"ಆಸ್ಪತ್ರೇಲೇ ಒರೆಸಿದಾರೆ. ಬೆನ್ನು ಮುಟ್ಟೋದು ಬೇಡ. ಇಷ್ಟು ಜನರೆದುರು ಅಪ್ಪನ ಮಾನ ಕಳೀಬೇಡ."

"ಅಪ್ಪನ ಮಾನಾನಾ, ನಿಂದಾ?"

ಸೋದರತ್ತೆ ನಡುವೆ ಬಾಯಿ ಹಾಕಿದಳು. "ವಯಸ್ಸಾಗಿತ್ತು ಕಣೇ. ನೋವಿಲ್ಲದೆ, ನಿದ್ದೇಲೇ ಹೋದ. ಪುಣ್ಯ ಮಾಡಿದ್ದ."

"ನೋವಿಲ್ಲದೆ ಅಂತ ಹೇಳಿದ್ಯಾರು ಅತ್ತೆ?"

ಅತ್ತೆ ಅಣ್ಣನ ಮುಖ ನೋಡಿದಳು. ಬಂದವರಿಗೆಲ್ಲ ಅವನು ಬೆಳಗಿನಿಂದ ಇದೇ ಕತೆ ಹಂಚಿದ್ದಾನೆಂದು ಮಗಳಿಗೆ ಆಗ ತಿಳಿಯಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

*

ಅಪ್ಪನದು ಫೋಟೋ ಸ್ಟುಡಿಯೋ. ದೀಪ ಸರಿಪಡಿಸಲು ಸ್ಟೂಲು ಹತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಮುಗಿಸಿದ ಡಾಕ್ಟರು, "ಈ ಕಾಲು ಅಲ್ಲಾಡಿಸಬೇಡಿ," ಎಂದಾಗ ಅಪ್ಪನಿಗೆ ನಗು ಬಂತು. "ಅಲ್ಲಾಡ್ಬೇಡಿ ಅಂತ ಊರಿಗೆಲ್ಲಾ ಹೇಳಿ ಹೊಟ್ಟೆ ಹೊರೆದೋನು ನಾನು. ನನಗೇ ಹೇಳ್ತೀರಾ?"

ಡಾಕ್ಟರು ಹೇಳಿದ್ದು ಕಾಲಿಗೆ. ಅಪ್ಪ ಇಡೀ ಮೈ ಬಿಗಿಹಿಡಿದು ಅಂಗಾತ ಮಲಗಿಬಿಟ್ಟರು. ಎದುರು ಮಂಚದವನು ಬೆನ್ನು ಉರಿದರೆ ಸಾಕು, ವಾರ್ಡಿನವರ ಜನ್ಮ ಜಾಲಾಡುತ್ತಿದ್ದ. ಸಿಸ್ಟರುಗಳು ಓಡೋಡಿ ಬಂದು ಅವನನ್ನು ಮಗ್ಗುಲಿಗೆ ತಿರುಗಿಸುತ್ತಿದ್ದರು. ಅಪ್ಪನನ್ನು "ಚಿನ್ನದಂಥ ಪೇಷೆಂಟು" ಎಂದು ಹೊಗಳಿ ಮುಂದೆ ಹೋಗುತ್ತಿದ್ದರು.

ಒಂದು ಸಂಜೆ ಮಗಳು ಬೆನ್ನಿನ ಕೆಳಗೆ ಕೈ ಹಾಕಿದಾಗ, ಬಾಲಮೂಳೆಯ ಬಳಿ ಚರ್ಮ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವಾರ್ಡಿನ ಗೋಡೆಯ ಫಲಕವೇ ಹೇಳುತ್ತಿತ್ತು. ಅವಳೇ ಅಪ್ಪನನ್ನು ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಅಪ್ಪನ ಬಳಿ ಕಾಯುವ ಅಣ್ಣನಿಗೆ ಬಿಡಿಸಿ ಬಿಡಿಸಿ ಹೇಳಿ ಹೋದಳು.

ಮರುದಿನ ಬಂದರೆ ಅಪ್ಪ ಮತ್ತೆ ಅಂಗಾತ.

"ಸಿಸ್ಟರ್ ಬಂದಿದ್ರು," ಅಂದ ಅಣ್ಣ. "ಈಗಷ್ಟೇ ನಿದ್ದೆ ಹತ್ತಿದೆ, ಪಾಪ, ಮಲಗಿರಲಿ ಬಿಡಿ ಅಂದೆ. ದಿನಾ ಹಾಗೇ ಹೇಳ್ತೀನಿ."

"ಅವರು?"

"ಆಯ್ತು ಅಂದ್ರು. ಈಗೀಗ ಬರೋದೂ ಕಡಿಮೆ ಮಾಡಿದಾರೆ."

ಅವಳು ವಾರ್ಡು ನಡುಗುವಂತೆ ಕೂಗಾಡಿದಳು. ಅಪ್ಪ ಅವಳ ಕೈ ಹಿಡಿದು, "ಜಗಳ ಆಡ್ಬೇಡ್ವೇ, ಆರಾಮಾಗಿದೀನಿ," ಎಂದರು. ಬೆನ್ನಡಿಯ ಬಟ್ಟೆ ಕೀವಿನಿಂದ ಒದ್ದೆಯಾಗಿತ್ತು. ಆ ಹಾಳು ಒಳ್ಳೆಯತನಕ್ಕೆ ಅಪ್ಪನ ಮೇಲೂ ಅವಳಿಗೆ ಕೆಟ್ಟ ಸಿಟ್ಟು ಬಂತು. ಆಮೇಲೆ ಜ್ವರ ಏರಿತು, ನಂಜು ಮೈಗೆಲ್ಲ ಹರಡಿತು.

*

ಹೊದಿಕೆಯ ಜಗ್ಗಾಟ ಮುಗಿಯುವ ಮೊದಲೇ ಆ ವಾರ್ಡಿನ ಸಿಸ್ಟರ್ ಹೂ ಹಿಡಿದು ಬಾಗಿಲಿಗೆ ಬಂದರು.

"ಒಂದು ದಿನಾನೂ ಬೆಲ್ ಒತ್ತಿದೋರಲ್ಲ. ಅಂಥೋರು ಸಿಗಲ್ಲಮ್ಮ," ಎಂದು ಕಣ್ಣೊರೆಸಿಕೊಂಡರು.

"ಸಿಸ್ಟರ್, ಒಂದು ಕೈ ಹಾಕಿ," ಅಂದಳು ಮಗಳು. "ಮೈ ತೊಳೀಬೇಕು. ಮಗ್ಗುಲಿಗೆ ತಿರುಗಿಸೋಣ."

ಅಣ್ಣ "ಬೇಡ" ಎನ್ನುವಷ್ಟರಲ್ಲಿ ಸಿಸ್ಟರ್ ಅವರ ಕೈಗಳು ರೂಢಿಯಂತೆ ತಮ್ಮ ಜಾಗ ಹಿಡಿದಿದ್ದವು, ಒಂದು ಭುಜಕ್ಕೆ, ಒಂದು ಸೊಂಟಕ್ಕೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಪ್ಪ ಮಗ್ಗುಲಾದರು. ಗಾಯದ ಪಟ್ಟಿ ಕಳಚಿಬಿತ್ತು. ಮುಷ್ಟಿ ಹೋಗುವಷ್ಟು ದೊಡ್ಡ ಗುಳಿ, ಸುತ್ತ ಕಪ್ಪು ಅಂಚು, ತಳದಲ್ಲಿ ಮೂಳೆ. ಅತ್ತೆ ಬಾಯಿಗೆ ಕೈ ಒತ್ತಿಕೊಂಡಳು. ಯಾರೋ ಎದ್ದು ಹೊರಗೆ ಹೋದರು.

"ಇಷ್ಟೇನಾ?" ಮಗಳು ಕೇಳಿದಳು. "ತಿರುಗಿಸೋಕೆ ಇಷ್ಟೇ ಹೊತ್ತು ಸಾಕಿತ್ತಾ ಸಿಸ್ಟರ್?"



"ಆಯ್ತಲ್ಲ, ಎಲ್ಲಾರೂ ನೋಡಿದ್ರು. ಮಲಗಿಸು," ಅಂದ ಅಣ್ಣ.

"ಮಲಗಿಸಲ್ಲ. ನಾನು ಹಿಡ್ಕೊಂಡಿರ್ತೀನಿ. ನೀನು ತೊಳಿ."

ಅವನು ಅತ್ತಿತ್ತ ನೋಡಿದ. ಪಕ್ಕದ ಬಕೆಟ್ಟಿನ ನೀರಿಗೆ ಬಟ್ಟೆ ಅದ್ದಿ, ಅಪ್ಪನ ಬೆನ್ನ ಹಿಂದೆ ಮಂಡಿಯೂರಿದ. ಒಮ್ಮೆ ಗಾಯದ ಈ ಕಡೆಗೆ ಕೈ ಚಾಚಿ ಹಿಂದೆಗೆದ, ಒಮ್ಮೆ ಆ ಕಡೆಗೆ. ಸತ್ತ ಅಪ್ಪನಿಗೆ ನೋವಾಗದ ಜಾಗ ಹುಡುಕುತ್ತಿದ್ದ ಅವನ ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಲೇ ಇತ್ತು.